ಮೂರು ಗಂಟಿನಲ್ಲಿ ಒಂದು

ಕೋಲಾರದ ಸ್ಟುಡಿಯೊ ಒಂದರಲ್ಲಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಒಂದೇ ಬೆಳಿಗ್ಗೆಗೆ ಮೂರು ಮದುವೆ ಒಪ್ಪಿಕೊಂಡಿದ್ದ ಮಾಲೀಕರು ಶ್ರೀನಿವಾಸಪುರದ ಕಡೆಯ ಹಳ್ಳಿಗೆ ನನ್ನೊಬ್ಬನನ್ನೇ ಬಸ್ ಹತ್ತಿಸಿದರು. "ರಾ ಬೇಡ, ಜೆಪೆಗ್ ಸಾಕು, ಹಾರ್ಡ್ ಡಿಸ್ಕ್ ತುಂಬಿದೆ" ಎಂಬುದಷ್ಟೇ ಅವರ ಆಶೀರ್ವಾದ. ರಾ ಎಂದರೆ ಕ್ಯಾಮೆರಾ ಕಂಡದ್ದನ್ನೆಲ್ಲ ಉಳಿಸಿಕೊಳ್ಳುವ ದೊಡ್ಡ ಫೈಲು; ಜೆಪೆಗ್ ಅದನ್ನೇ ಕುಗ್ಗಿಸಿದ ಚಿಕ್ಕ ಫೈಲು.

ಮನೆಯ ಮುಂದೆ ಕೆಂಪು, ಹಳದಿ ಪಟ್ಟಿಯ ಶಾಮಿಯಾನ. ಹಿಂದಿನ ವಾರ ಛತ್ರದ ಬಿಳಿ ಸೂರಿಗೆ ಫ್ಲ್ಯಾಶ್ ಬೌನ್ಸ್ ಮಾಡಿ, ಅಂದರೆ ಬೆಳಕನ್ನು ಸೂರಿಗೆ ಬಡಿಸಿ ಮುಖಗಳ ಮೇಲೆ ಬೀಳಿಸಿ, ಸೈ ಎನಿಸಿಕೊಂಡಿದ್ದೆ. ಇಲ್ಲಿಯೂ ಅದೇ ವಿದ್ಯೆ ತೋರಿಸಿದೆ. ಬೆಳಕು ಯಾವ ಬಟ್ಟೆಗೆ ಬಡಿದು ಬರುತ್ತದೋ ಆ ಬಟ್ಟೆಯ ಬಣ್ಣವನ್ನೇ ಹೊತ್ತು ತರುತ್ತದೆ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ವಧುವಿನ ಮುಖ ಹೊಂಬಣ್ಣಕ್ಕೆ ತಿರುಗಿದ್ದನ್ನು ಕಂಡು, ಅರಿಶಿನದ ಕಳೆ ಎಂದುಕೊಂಡೆ.

ಅರ್ಧ ಗಂಟೆ ಚೌಕಟ್ಟು ಹೊಂದಿಸುವುದರಲ್ಲೇ ಕಳೆದೆ. ಜೋಡಿ ಎಡಗಡೆಯ ಮೂರನೇ ಒಂದು ಭಾಗದಲ್ಲಿ, ಬಲಕ್ಕೆ ಬಾಳೆಕಂದು, ವರನ ತಲೆಯಿಂದ ಕಂಬ ಮೊಳೆತಂತೆ ಕಾಣಬಾರದೆಂದು ನಾನು ಒಂದು ಹೆಜ್ಜೆ ಪಕ್ಕಕ್ಕೆ. ಅಷ್ಟರಲ್ಲಿ ಗಟ್ಟಿಮೇಳ ಮೊಳಗಿತು. ಕುಳಿತವರೆಲ್ಲ ಎದ್ದರು. ಉಳಿದ ಎರಡು ಭಾಗವನ್ನು ಸೋದರಮಾವನ ಮೊಬೈಲು, ಪುರೋಹಿತರ ಮೊಣಕೈ ಹಂಚಿಕೊಂಡವು. ಕುಕ್ಕರಗಾಲಿನಲ್ಲಿ ವಧುವಿನ ಪಕ್ಕಕ್ಕೆ ನುಸುಳಿದೆ. ಮೊದಲ ಗಂಟು ಸಿಕ್ಕಿತು. ಎರಡನೆಯದಕ್ಕೆ ಬಟನ್ ಒತ್ತಿದರೆ ಫ್ಲ್ಯಾಶ್ ಬೆಳಗಲಿಲ್ಲ, ಚಿತ್ರ ಕಪ್ಪು. ಸೂರು ಎತ್ತರದಲ್ಲಿತ್ತು; ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಫ್ಲ್ಯಾಶನ್ನು ಪೂರ್ತಿ ಶಕ್ತಿಗೆ ಇಟ್ಟಿದ್ದೆ, ಒಳಗಿದ್ದದ್ದು ಹಳೆಯ ಸೆಲ್ಲುಗಳು. ಅದು ಸೊಳ್ಳೆಯಂತೆ ಗುಂಯ್‌ಗುಡುತ್ತ ಚಾರ್ಜ್ ಆಗುವಷ್ಟರಲ್ಲಿ ಮೂರನೆಯ ಗಂಟೂ ಬಿದ್ದು, ಅಕ್ಷತೆ ನನ್ನ ಲೆನ್ಸಿನ ಮೇಲೆಯೇ ಸುರಿಯಿತು.

ಹೊಟ್ಟೆ ಉರಿಯುವುದು ಇದಕ್ಕಲ್ಲ. ಹಸೆಮಣೆ ಪೂರ್ವಕ್ಕೆ ಮುಖ ಮಾಡಿತ್ತು. ಆ ಕಡೆ ಪರದೆ ಕಟ್ಟಿರಲಿಲ್ಲ. ಎದುರು ಮನೆಯ ಸುಣ್ಣದ ಗೋಡೆಯಿಂದ ಮೆತ್ತನೆಯ ಬಿಳಿ ಬೆಳಕು ನೇರವಾಗಿ ಅವರಿಬ್ಬರ ಮುಖಕ್ಕೇ ಬೀಳುತ್ತಿತ್ತು. ಫ್ಲ್ಯಾಶ್ ಆರಿಸಿ, ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬುದರ ಅಳತೆಯಾದ ಐಎಸ್‌ಒ 1600ಕ್ಕೆ ಏರಿಸಿದ್ದರೆ ಮೂರು ಗಂಟೂ ನನ್ನವೇ. ಫ್ಲ್ಯಾಶ್ ಇಲ್ಲದವನನ್ನು ಫೋಟೊಗ್ರಾಫರ್ ಎಂದು ಯಾರು ನಂಬುತ್ತಾರೆ ಎಂಬ ಅಳುಕು ನನ್ನದು.

ಕಂಪ್ಯೂಟರಿನಲ್ಲಿ ತೆರೆದರೆ ಹಾಲುಬಣ್ಣದ ಧಾರೆ ಸೀರೆ ಕಿತ್ತಳೆಯಾಗಿತ್ತು. ಮುಖದ ಬಣ್ಣ ಸರಿಪಡಿಸಿದರೆ ಹೊರಬೆಳಕು ಬಿದ್ದಿದ್ದ ಪಂಚೆಯ ಅಂಚು ನೀಲಿಗೆ ತಿರುಗುತ್ತಿತ್ತು. ರಾ ಇದ್ದಿದ್ದರೆ ಒಂದಿಷ್ಟಾದರೂ ಎಳೆದಾಡಬಹುದಿತ್ತು. ಕೊನೆಗೆ ಮಾಲೀಕರು ಆ ಪುಟವನ್ನು ಕಪ್ಪು ಬಿಳುಪು ಮಾಡಿಸಿ, "ಇದೇ ಈಗಿನ ಫ್ಯಾಶನ್ ಎಂದು ಹೇಳು" ಎಂದರು.

ಆಲ್ಬಮ್ ಒಯ್ಯಲು ಬಂದ ಹುಡುಗಿಯ ಅಜ್ಜಿ ಆ ಪುಟದ ಮೇಲೆ ಬೆರಳಿಟ್ಟು ತೆಲುಗಿನಲ್ಲಿ ಏನೋ ಕೇಳಿದರು. ಮೊಮ್ಮಗ ಕನ್ನಡದಲ್ಲಿ ಹೇಳಿದ: "ನನ್ನ ಮದುವೆಯ ಫೋಟೊವೂ ಹೀಗೇ ಇದೆ, ಅದಕ್ಕೆ ಇಷ್ಟು ದುಡ್ಡು ಕೊಟ್ಟಿರಲಿಲ್ಲ ಎನ್ನುತ್ತಿದ್ದಾರೆ, ಅಣ್ಣ."