ಎಣ್ಣೆಗಿಂತ ಮೊದಲು ಒಣಗಿಸೋದು

ಹಳೆಯ ಮಡಚುವ ಕ್ಷೌರದ ಕತ್ತಿಗಳನ್ನು ಸರಿಮಾಡಿ, ಮಸೆದು ಕೊಡುವುದು ನನ್ನ ಕೆಲಸ. ಶುರುವಿನಲ್ಲಿ ಮಾಡಿದ ಒಂದು ತಪ್ಪು ಇನ್ನೂ ಮನಸ್ಸಿನಲ್ಲಿದೆ. ಒಬ್ಬರು ತಮ್ಮ ಅಜ್ಜನ ಕತ್ತಿ ತಂದಿದ್ದರು. ತೊಳೆದು, ಮಸೆದು, ಬಟ್ಟೆಯಲ್ಲಿ ಒರೆಸಿ, ಜಾಸ್ತಿಯೇ ಎಣ್ಣೆ ಹಚ್ಚಿ ಚರ್ಮದ ಚೀಲಕ್ಕೆ ಹಾಕಿ ಕೊಟ್ಟೆ. ಎರಡು ತಿಂಗಳಿಗೆ ವಾಪಸ್ ಬಂತು. ಅಲಗಿನ ನಡುಭಾಗ ಥಳಥಳ ಅಂತಿತ್ತು. ಕೀಲಿನ ಹತ್ತಿರ ಕೆಂಪು ತುಕ್ಕು, ಬಾಯಿಯ, ಅಂದರೆ ಹರಿತದ ಅಂಚಿನ, ಉದ್ದಕ್ಕೂ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು. ಹಿಡಿಯ ಸಂದಿಯಲ್ಲಿ ನೀರು ಉಳಿದಿತ್ತು. ಅದರ ಮೇಲೆ ಎಣ್ಣೆ ಬಳಿದು ನಾನೇ ತೇವವನ್ನು ಒಳಗೆ ಮುಚ್ಚಿಟ್ಟಿದ್ದೆ. ಚರ್ಮವೂ ತೇವ ಹಿಡಿದುಕೊಳ್ಳುತ್ತದೆ ಅಲ್ವಾ, ಎರಡೂ ಸೇರಿತು.

ಈಗ ಕತ್ತಿ ಕೈಗೆ ಬಂದರೆ ಮೊದಲು ನೋಡುವುದು ಹಳೇ ಜಿಡ್ಡನ್ನು. ಅಡುಗೆ ಎಣ್ಣೆ ಹಚ್ಚಿಟ್ಟಿದ್ದರೆ ಅದು ಗಾಳಿಗೆ ಗಟ್ಟಿಯಾಗಿ ವಾರ್ನಿಶ್ ಥರ ಹಳದಿ ಪೊರೆ ಕಟ್ಟಿರುತ್ತದೆ. ಇದನ್ನೇ ತುಕ್ಕು ಅಂದುಕೊಂಡು ಸುಮ್ನೆ ಸ್ಯಾಂಡ್‌ಪೇಪರ್ ಹಾಕಿ ಉಜ್ಜಬೇಡಿ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯನ್ನು ಹತ್ತು ನಿಮಿಷ ಅಲಗಿನ ಮೇಲಿಡಿ. ಬರೀ ಜಿಡ್ಡಾದರೆ ಮೆತ್ತಗಾಗಿ ಹತ್ತಿಗೆ ಹಳದಿ ಬಣ್ಣ ಹತ್ತುತ್ತದೆ. ಒರೆಸುವಾಗ ಬೆನ್ನಿನಿಂದ ಬಾಯಿಯ ಕಡೆಗೆ ಮಾತ್ರ, ಇಲ್ಲದಿದ್ದರೆ ಬೆರಳು ಹೋಗುತ್ತದೆ. ಅಸಿಟೋನ್ ಇನ್ನೂ ಬೇಗ ಬಿಡಿಸುತ್ತದೆ, ಆದರೆ ಹಳೇ ಕತ್ತಿಗಳ ಹಿಡಿ ಎಷ್ಟೋ ಸಲ ಸೆಲ್ಯುಲಾಯ್ಡ್ ಅನ್ನೋ ಹಳೇ ಕಾಲದ ಪ್ಲಾಸ್ಟಿಕ್. ಒಂದು ಹನಿ ಬಿದ್ದರೂ ಅದು ಕರಗುತ್ತದೆ. ಆಲ್ಕೋಹಾಲ್, ಅಸಿಟೋನ್ ಎರಡಕ್ಕೂ ಬೆಂಕಿ ಬೇಗ ಹತ್ತುತ್ತದೆ, ಕಿಟಕಿ ತೆರೆದಿರಲಿ.

ಸೆಲ್ಯುಲಾಯ್ಡ್‌ನದು ಇನ್ನೊಂದು ತೊಂದರೆ. ಹಳತಾಗಿ ಕೆಡಲು ಶುರುವಾದರೆ ಅದು ಆಮ್ಲದ ಆವಿ ಬಿಡುತ್ತದೆ. ಅಂಥ ಹಿಡಿಯೊಳಗೆ ಮಡಚಿಟ್ಟ ಅಲಗು, ನೀವು ಎಷ್ಟೇ ಎಣ್ಣೆ ಹಚ್ಚಿದರೂ, ಮತ್ತೆ ಮತ್ತೆ ತುಕ್ಕು ಹಿಡಿಯುತ್ತದೆ. ಹಿಡಿ ಬದಲಿಸುವುದೇ ದಾರಿ.

ಜಿಡ್ಡು ಹೋದ ಮೇಲೆ ಸೋಪು ನೀರಲ್ಲಿ ತೊಳೆದು, ಟಿಶ್ಯೂ ಕಾಗದವನ್ನು ದಾರದ ಹಾಗೆ ಹೊಸೆದು ಹಿಡಿಯ ಸಂದಿಯಲ್ಲಿ, ಕೀಲಿನ ಸುತ್ತ ಎಳೆಯುತ್ತೇನೆ. ಒಣಗಿತು ಅನ್ನಿಸಿದ ಮೇಲೂ ಕಾಗದದ ತುದಿ ಒದ್ದೆಯಾಗಿ ಬರುತ್ತದೆ, ನೋಡಿ. ಒಣಗಿ ಬರುವ ತನಕ ಹೊಸ ಕಾಗದ. ಆಮೇಲೆ ರಾತ್ರಿಯಿಡೀ ಕತ್ತಿ ಬಿಚ್ಚಿಟ್ಟೇ ಇರುತ್ತದೆ. ಬೆಳಗ್ಗೆ ಮಿನರಲ್ ಆಯಿಲ್, ಅಲಗಿಗೆ ಎರಡು ಹನಿ, ಕೀಲಿಗೆ ಒಂದು. ಇದು ಅಡುಗೆ ಎಣ್ಣೆಯ ಹಾಗೆ ಅಂಟಾಗುವುದಿಲ್ಲ. ಪೊರೆ ತೆಳ್ಳಗಿದ್ದರೆ ಸಾಕು. ಎಣ್ಣೆ ಹಚ್ಚಿದ ಮೇಲೆ ಅಲಗನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ, ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲೇ ತುಕ್ಕು ಮೂಡಿಸುತ್ತದೆ. ಕತ್ತಿಯನ್ನು ಬಚ್ಚಲುಮನೆಯಲ್ಲಿ ಇಡಬೇಡಿ ಅಂತ ಕೊಡುವಾಗ ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಆ ಅಜ್ಜನ ಕತ್ತಿಯ ಬಾಯಿಯನ್ನು ಮತ್ತೆ ಮಸೆದು ಚುಕ್ಕೆ ತೆಗೆದೆ. ಅಲಗು ಕೂದಲೆಳೆಯಷ್ಟು ಸವೆಯಿತು. ಕೀಲಿನ ಬಳಿಯ ಗುಳಿಗಳು ಹಾಗೇ ಉಳಿದವು.