ಕೈಮರದ ಏರಿನಲ್ಲಿ ದಮ್ಮು ಕಟ್ಟುವ ಕಾರು: ಮೂರು ಭಾನುವಾರದ ಲೆಕ್ಕ

ಮೊದಲ ಭಾನುವಾರ

ಚಿಕ್ಕಮಗಳೂರು ಪೇಟೆಯೊಳಗೆ ಓಡಾಡುವಾಗ ಕಾರು ಬೆಣ್ಣೆ. ಕೈಮರ ದಾಟಿ ಮುಳ್ಳಯ್ಯನಗಿರಿ ಏರು ಹಿಡಿದರೆ ಎರಡನೇ ಗೇರಿನಲ್ಲೇ ದಮ್ಮು ಕಟ್ಟುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಮುಗ್ಗರಿಸುತ್ತದೆ. ಕಳೆದ ವಾರ ಚೆಕ್ ಎಂಜಿನ್ ದೀಪವೂ ಹತ್ತಿತು. 2014ರ ಪೆಟ್ರೋಲ್ ಗಾಡಿ, 92 ಸಾವಿರ ಕಿಲೋಮೀಟರ್ ಓಡಿದೆ. ಗ್ಯಾರೇಜಿನಲ್ಲಿ ಪ್ಲಗ್ಗು, ಕಾಯಿಲ್ಲು ಎರಡೂ ಬದಲಾಯಿಸಿದರು. ದುಡ್ಡು ಹೋಯಿತು, ಮುಗ್ಗರಿಸುವುದು ಹೋಗಲಿಲ್ಲ.

ಸ್ಟೀರಿಂಗ್ ಕೆಳಗಿನ ಪೋರ್ಟಿಗೆ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ ಮೊಬೈಲಿನಲ್ಲಿ ನೋಡಿದೆ. ಕೋಡ್ ಪಿ0171. ಅಂದರೆ ಲೀನ್: ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಹೊಗೆ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್ ಹೀಗೆ ದೂರು ಕೊಟ್ಟಾಗ ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಪೆಟ್ರೋಲ್ ಹೆಚ್ಚಿಸುತ್ತದೆ. ಎಷ್ಟು ಹೆಚ್ಚಿಸಿತು ಅನ್ನುವುದೇ ಫ್ಯುಯೆಲ್ ಟ್ರಿಮ್. ಆ ಕ್ಷಣದ್ದು ಶಾರ್ಟ್, ನಿಧಾನವಾಗಿ ಕಲಿತದ್ದು ಲಾಂಗ್, ಎರಡನ್ನೂ ಕೂಡಿಸಿ ನೋಡಬೇಕು. ಸೊನ್ನೆಯ ಆಸುಪಾಸು ಇದ್ದರೆ ಚಿಂತೆ ಇಲ್ಲ. ನನ್ನದು ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ, ಶೇ. 11.

ಎರಡನೇ ಭಾನುವಾರ

ಲೀನ್ ಅಂದ ಕೂಡಲೇ ಎಲ್ಲರೂ ಹೇಳುವುದು ವ್ಯಾಕ್ಯೂಮ್ ಲೀಕ್, ಅಂದರೆ ತೂತಿನಿಂದ ಎಂಜಿನ್ನಿಗೆ ಗಾಳಿ ನುಗ್ಗುವುದು. ನಾನೂ ಅದನ್ನೇ ಹುಡುಕಿದೆ. ಬಾನೆಟ್ ಎತ್ತಿ ಹೋಸುಗಳನ್ನು ಒಂದೊಂದಾಗಿ ಬೆರಳಲ್ಲಿ ಸವರುತ್ತಾ ಹೋದೆ. ಗಾಳಿ ಬಿಡುವ ಥ್ರಾಟಲ್ ಬಾಡಿ ಹಿಂದೆ, ಎಂಜಿನ್ ಒಳಗಿನ ಆವಿಯನ್ನು ಮತ್ತೆ ಗಾಳಿದಾರಿಗೆ ಎಳೆಯುವ ಪಿಸಿವಿ ಹೋಸಿನ ಅಡಿಭಾಗ ಒರಟಾಗಿತ್ತು. ಟಾರ್ಚ್ ಬಿಟ್ಟರೆ ಸಣ್ಣ ಸಣ್ಣ ಹಲ್ಲಿನ ಗುರುತು. ಇಲಿ! ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ ಬಿಟ್ಟು ಅದು ಇನ್ನೆಲ್ಲಿಗೆ ಹೋಗುತ್ತದೆ, ಅಲ್ವಾ?

ಹೊಸ ಹೋಸ್ ಹಾಕಿದೆ. 1,000 ಇದ್ದ ಐಡಲ್ 800 ಆರ್‌ಪಿಎಂಗೆ ಇಳಿಯಿತು. ಗೆದ್ದೆ ಅಂದುಕೊಂಡು ಸ್ಕ್ಯಾನರ್ ನೋಡಿದರೆ ಟ್ರಿಮ್ ಅದೇ 11.

ಇಲ್ಲಿ ಅರ್ಧ ದಿನ ತಲೆ ಕೆಟ್ಟಿತು. ಆಮೇಲೆ ಹೊಳೆಯಿತು. ಈ ಕಾರಿನಲ್ಲಿ ಒಳಬರುವ ಗಾಳಿಯನ್ನು ಅಳೆಯುವ ಮಾಫ್ ಸೆನ್ಸರೇ ಇಲ್ಲ. ಮ್ಯಾನಿಫೋಲ್ಡ್, ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ, ಅದರ ಒತ್ತಡ ನೋಡುವ ಮ್ಯಾಪ್ ಸೆನ್ಸರ್ ಮಾತ್ರ. ಕಳ್ಳದಾರಿಯಲ್ಲಿ ನುಗ್ಗಿದ ಗಾಳಿಯೂ ಮ್ಯಾನಿಫೋಲ್ಡಿಗೇ ಬರಬೇಕಲ್ಲ, ಅದೂ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಐಡಲ್ ಏರುತ್ತದೆ, ಟ್ರಿಮ್ ಅಷ್ಟಾಗಿ ಕದಲುವುದಿಲ್ಲ. ವಿಡಿಯೋಗಳಲ್ಲಿ ತೋರಿಸುವುದು ಹೆಚ್ಚಾಗಿ ಮಾಫ್ ಇರುವ ಕಾರು. ಮ್ಯಾಪ್ ಸೆನ್ಸರೇ ಸುಳ್ಳು ಹೇಳುತ್ತಿದೆಯಾ ಅಂತ ಅದನ್ನೂ ನೋಡಿಬಿಟ್ಟೆ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿದಾಗ 89 ಕಿಲೋಪ್ಯಾಸ್ಕಲ್. ಸಮುದ್ರ ಮಟ್ಟದಲ್ಲಿ 101 ಇರಬೇಕು, ನಮ್ಮೂರು ಸಾವಿರ ಮೀಟರಿಗಿಂತ ಮೇಲಿದೆ. ಸರಿಯಾಗಿಯೇ ಇದೆ.

ಸಂಜೆ ತಮ್ಮನ ಕೈಗೆ ಮೊಬೈಲ್ ಕೊಟ್ಟು ಏರು ಹತ್ತಿಸಿದೆ. ಅವನು ಟ್ರಿಮ್ ಜೋರಾಗಿ ಓದುತ್ತಿದ್ದ: 15, 19, 24. ಪೂರ್ತಿ ಒತ್ತಿದಾಗ ಆಕ್ಸಿಜನ್ ಸೆನ್ಸರ್ 0.1 ವೋಲ್ಟ್, ಅಂದರೆ ಲೀನ್. ಆ ಹೊತ್ತಿಗೆ 0.8 ಮೇಲೆ ಇರಬೇಕು. ಭಾರ ಬಿದ್ದಷ್ಟೂ ಲೀನ್ ಜಾಸ್ತಿ ಆಗುತ್ತಿದೆ ಅಂದರೆ ಗಾಳಿಯ ತಪ್ಪಲ್ಲ. ಪೆಟ್ರೋಲೇ ಸಾಲುತ್ತಿಲ್ಲ.

ಮೂರನೇ ಭಾನುವಾರ

ಪೆಟ್ರೋಲ್ ಪೈಪಿನ ಒತ್ತಡ ನೋಡಲು ಪ್ರೆಶರ್ ಗೇಜ್ ಎರವಲು ತಂದೆ. 3 ಬಾರ್ ಇರಬೇಕಾದಲ್ಲಿ ಐಡಲ್‌ಗೇ 2.6. ರೇಸ್ ಕೊಟ್ಟರೆ 2ಕ್ಕೆ ಕುಸಿತ.

ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪ್ ಇರುವುದು ಹಿಂದಿನ ಸೀಟಿನ ಅಡಿ, ಟ್ಯಾಂಕಿನೊಳಗೆ. ಅಂಗಳದಲ್ಲೇ ಬಿಚ್ಚಿದೆ, ಶೆಡ್ಡಿನೊಳಗೆ ಬೇಡವೇ ಬೇಡ. ಮೊದಲು ಪಂಪಿನ ಫ್ಯೂಸ್ ಕಿತ್ತು ಎಂಜಿನ್ ತಾನಾಗಿ ನಿಲ್ಲುವವರೆಗೂ ಓಡಿಸಿ ಪೈಪಿನ ಪ್ರೆಶರ್ ಇಳಿಸಿದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಮನೆಯವರಿಗೆ ಒಲೆ ಹಚ್ಚಬೇಡಿ ಅಂದಿದ್ದಕ್ಕೆ ಕಾಫಿ ತಡವಾಯಿತು, ಬೈಸಿಕೊಂಡೆ.

ಪಂಪ್ ಎತ್ತಿದಾಗ ಅದರ ಬುಡದ ಬಲೆ ಕಾಣಿಸಿತು. ಬಿಳಿ ಇರಬೇಕಿತ್ತು. ಕಾಫಿ ಗಸಿ ಮೆತ್ತಿದ ಸೋಸುವ ಬಟ್ಟೆಯ ಹಾಗಿತ್ತು. ಹೆಬ್ಬೆರಳಲ್ಲಿ ತಿಕ್ಕಿದರೆ ಕಪ್ಪು ಕೆಸರು, ನಡುವೆ ತುಕ್ಕಿನ ಪುಡಿ. ಬಲೆ, ಫಿಲ್ಟರ್ ಎರಡನ್ನೂ ಹೊಸದು ಹಾಕಿದೆ. ಪಂಪ್ ಹಳೆಯದೇ ಇದೆ. ಗೇಜ್ 3ಕ್ಕೆ ನಿಂತಿತು, ರೇಸ್ ಕೊಟ್ಟರೂ ಅಲುಗಲಿಲ್ಲ.

ಟ್ರಿಮ್ ಈಗ 4. ಸೊನ್ನೆ ಯಾಕಾಗಲಿಲ್ಲ ಅಂತ ಮೊದಲು ಬೇಜಾರಾಯಿತು. ಆಮೇಲೆ ನೆನಪಾಯಿತು, ಬಂಕಿನಲ್ಲಿ ಈಗ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ತೂಕದ ಲೆಕ್ಕದಲ್ಲಿ ಒಂದು ಪಾಲು ಶುದ್ಧ ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಾದರೆ ಇದಕ್ಕೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ಪೆಟ್ರೋಲ್ ಜಾಸ್ತಿ ಸುರಿಯಬೇಕು. ಹಳೇ ಗಾಡಿಯಲ್ಲಿ ಇಷ್ಟು ಪ್ಲಸ್ ತೋರಿಸುವುದು ಅದರ ಲೆಕ್ಕವೇ ಇರಬೇಕು. ಇದಕ್ಕಾಗಿ ಇನ್ನೇನೂ ಬಿಚ್ಚುವುದಿಲ್ಲ.

ಕೋಡ್ ಅಳಿಸಿ ಸೀತಾಳಯ್ಯನಗಿರಿಯವರೆಗೆ ಹೋಗಿ ಬಂದೆ. ಪೂರ್ತಿ ಒತ್ತಿದಾಗ 0.87 ವೋಲ್ಟ್. ದೀಪ ಹತ್ತಲಿಲ್ಲ. ಬಾನೆಟ್ ಅಡಿಗೆ ತಂತಿ ಜಾಲರಿ ಹೊಡೆಯುವುದು ಮಾತ್ರ ಬಾಕಿ ಇದೆ. ಇವತ್ತು ಬೆಳಿಗ್ಗೆ ನೋಡಿದರೆ ಬ್ಯಾಟರಿ ಮೇಲೆ ಮತ್ತೆ ಹಲಸಿನ ಬೀಜದ ಸಿಪ್ಪೆ ಬಿದ್ದಿತ್ತು.