ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರದ ಲೆಕ್ಕ ಬೇರೆ, ಹೊತ್ತಿನ ಲೆಕ್ಕ ಬೇರೆ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಸನಿವೇಲ್‌ನಲ್ಲಿರುವ ಮಗಳ ಮನೆಗೆ ಮೊದಲ ಸಲ ಹೊರಟಾಗ ನಾನು ಹಾಕಿದ ಲೆಕ್ಕ ತೀರಾ ಸರಳವಾಗಿತ್ತು. ದೇವನಹಳ್ಳಿಯ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಕ್ಕೆ ಅತಿ ಹತ್ತಿರದ ವಾಯುಮಾರ್ಗ ಸುಮಾರು 14,000 ಕಿ.ಮೀ., ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ.; ಆದ್ದರಿಂದ ಹದಿನೈದೂವರೆ ಗಂಟೆಯ ಪ್ರಯಾಣ. ಆದರೆ ನಾನು ಕೊಂಡಿದ್ದು ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸುವ ಟಿಕೆಟ್ಟು. ಅಲ್ಲಿಗೆ 7,400 ಕಿ.ಮೀ., ಅಲ್ಲಿಂದ ಮುಂದೆ 9,150 ಕಿ.ಮೀ.; ಅಂದರೆ ಎರಡೂವರೆ ಸಾವಿರ ಕಿ.ಮೀ. ಸುತ್ತು.

ಬಸವನಗುಡಿಯ ಮನೆಯಿಂದ ಗುರುವಾರ ರಾತ್ರಿ 10ಕ್ಕೆ ಹೊರಟೆವು. ನಸುಕಿನ 3 ಗಂಟೆಯ ವಿಮಾನ ಫ್ರಾಂಕ್‌ಫರ್ಟ್ ತಲುಪಲು ಹತ್ತು ಗಂಟೆ ಹಿಡಿಯಿತು. ಅಲ್ಲಿ ಮೂರೂವರೆ ಗಂಟೆ ಕಾದು, ಮತ್ತೆ ಹನ್ನೊಂದೂವರೆ ಗಂಟೆ ಹಾರಿ, ಇಮಿಗ್ರೇಷನ್ ಸಾಲು ಮುಗಿಸಿ ಮಗಳ ಮನೆ ಸೇರಿದಾಗ ಅಲ್ಲಿ ಶುಕ್ರವಾರ ಸಂಜೆ 6 ಗಂಟೆ. ಗಡಿಯಾರ ನೋಡಿದರೆ ಇಪ್ಪತ್ತು ಗಂಟೆ ಕಳೆದಂತಿತ್ತು. ಆದರೆ ಆಗ ಬೇಸಿಗೆಯಾದ್ದರಿಂದ ಅಲ್ಲಿನ ಸಮಯ ನಮಗಿಂತ ಹನ್ನೆರಡೂವರೆ ಗಂಟೆ ಹಿಂದಿತ್ತು (ಚಳಿಗಾಲದಲ್ಲಿ ಈ ಅಂತರ ಹದಿಮೂರೂವರೆ ಗಂಟೆ). ನಿಜವಾಗಿ ಕಳೆದದ್ದು ಮೂವತ್ತೆರಡೂವರೆ ಗಂಟೆ. ಮೊಣಕಾಲುಗಳಿಗೆ ಈ ವಿಷಯ ಮೊದಲೇ ಗೊತ್ತಾಗಿತ್ತು.

ಹಿಂತಿರುಗುವಾಗ ತಡೆರಹಿತ ವಿಮಾನವನ್ನೇ ಹಿಡಿದೆವು. ಅದು ಹದಿನೇಳೂವರೆ ಗಂಟೆ ಹಾರಿತು. ಶುಕ್ರವಾರ ರಾತ್ರಿ 9ಕ್ಕೆ ಹೊರಟವರು ಭಾನುವಾರ ನಸುಕಿನ 3ಕ್ಕೆ ಬೆಂಗಳೂರಿನಲ್ಲಿ ಇಳಿದೆವು. ಶನಿವಾರವೆಲ್ಲ ಆಕಾಶದಲ್ಲೇ ಕಳೆಯಿತು. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಲವಾದ ಗಾಳಿ ಬೆನ್ನಿಗಿದ್ದರೆ ಸಮಯ ಉಳಿಯುತ್ತದೆ, ಎದುರಾದರೆ ಹೆಚ್ಚುತ್ತದೆ. ಅದಕ್ಕಾಗಿಯೇ ವಿಮಾನಗಳು ಅತಿ ಹತ್ತಿರದ ದಾರಿಯನ್ನು ಬಿಟ್ಟು ಗಾಳಿ ಅನುಕೂಲವಾಗಿರುವ ದಾರಿಯನ್ನು ಹಿಡಿಯುವುದುಂಟು. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದ ಏರ್ ಇಂಡಿಯಾದ ಮೊದಲ ತಡೆರಹಿತ ವಿಮಾನ ಉತ್ತರ ಧ್ರುವದ ಮೇಲೆಯೇ ಹಾರಿತ್ತು.

ಟಿಕೆಟ್ ಕೊಳ್ಳುವವರು ‘ನೇರ’ ಎಂಬ ಮಾತನ್ನು ನಂಬಬಾರದು. ವಿಮಾನದ ಸಂಖ್ಯೆ ಬದಲಾಗದೆ ನಡುವೆ ಇಳಿಯುವ ವಿಮಾನಕ್ಕೂ ಆ ಹೆಸರೇ ಇದೆ. ‘ನಾನ್‌ಸ್ಟಾಪ್’ ಎಂದಿದೆಯೇ, ನಿಮ್ಮ ದಿನಾಂಕಕ್ಕೆ ಅದು ಓಡುತ್ತದೆಯೇ ಎಂದು ನೋಡಿರಿ. ನಡುವೆ ಬದಲಿಸುವುದಾದರೆ ಎರಡು ವಿಮಾನಗಳೂ ಒಂದೇ ಟಿಕೆಟ್ಟಿನಲ್ಲಿರಲಿ, ಮತ್ತು ಹಿರಿಯರಿದ್ದರೆ ಮೂರು ಗಂಟೆಗಿಂತ ಕಡಿಮೆ ಬಿಡುವು ಬೇಡ. ವೀಲ್‌ಚೇರ್ ಬೇಕಾದರೆ ಟಿಕೆಟ್ ಮಾಡುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು. ಸ್ಯಾನ್ ಫ್ರಾನ್ಸಿಸ್ಕೊದಿಂದಲೂ ಮುಂದೆ ಬೇರೆ ಊರಿಗೆ ಹೋಗುವವರು, ಇಮಿಗ್ರೇಷನ್ ಮುಗಿಸಿ ಸಾಮಾನು ಪಡೆದು ಮತ್ತೆ ಒಪ್ಪಿಸಲು ಸಮಯ ಬೇಕೆಂಬುದನ್ನು ಮರೆಯಬಾರದು. ರಕ್ತದೊತ್ತಡದ ಮಾತ್ರೆಯನ್ನು ಯಾವ ಊರಿನ ಗಡಿಯಾರ ನೋಡಿ ನುಂಗಬೇಕೆಂದು ನಾನು ವೈದ್ಯರನ್ನು ಕೇಳಿಕೊಂಡೇ ಹೊರಟಿದ್ದೆ. ಕೈಗಡಿಯಾರವನ್ನು ಪ್ರಯಾಣ ಮುಗಿಯುವವರೆಗೆ ಬೆಂಗಳೂರಿನ ಹೊತ್ತಿಗೇ ಬಿಟ್ಟಿದ್ದೆ.